ಚಿಗವ್ವನ ರೊಟ್ಟಿ ನಾಲ್ಕನೇ ಪುಟಕ್ಕೆ ಯಾಕೆ ಹೋಯಿತು?

ನಮಸ್ಕಾರ ತಂಗಿ,

‘ಥೈರಾಯ್ಡ್ ಕಣ್ಣು ಮತ್ತು ಕುಗ್ಗುವ ಮೆದುಳು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಹಾಕಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ನೆ ಕೂರಲೂ ಮನಸ್ಸಿಲ್ಲ. ಅದಕ್ಕೆ ನಾಲ್ಕನೇ ಪುಟದ ಒಂದು ಸಾಲು ಕಾರಣ: ‘ಚಿಗವ್ವ ಈಗ ಒಂದು ಕಣ್ಣು ಮುಚ್ಚಿಕೊಂಡೇ ಹಂಚಿನ ಮೇಲೆ ರೊಟ್ಟಿ ಹಾಕುತ್ತಾಳೆ.’

ಇಷ್ಟು ಬರೆದು ನೀವು ಮುಂದೆ ಓಡಿಬಿಟ್ಟಿರಿ. ಅಲ್ಲೇ ನಿಲ್ಲಬೇಕಿತ್ತು. ಯಾಕೆ ಮುಚ್ಚುತ್ತಾಳೆ? ಎರಡೂ ಕಣ್ಣು ತೆರೆದರೆ ಆಕೆಗೆ ಎರಡು ಹಂಚು ಕಾಣುತ್ತವೆ, ಅಲ್ವಾ? ಕಣ್ಣು ಕೂತಿರುವುದು ಎಲುಬಿನ ಗೂಡಿನಲ್ಲಿ. ಥೈರಾಯ್ಡ್ ಕಣ್ಣಿನ ಕಾಯಿಲೆಯಲ್ಲಿ ಹಿಂದಿನ ಸ್ನಾಯು, ಕೊಬ್ಬು ಬಾತರೂ ಗೂಡು ಹಿಗ್ಗುವುದಿಲ್ಲ. ಗುಡ್ಡೆಯೇ ಮುಂದಕ್ಕೆ ಬರುತ್ತದೆ. ಬಿಗಿಯಾದ ಸ್ನಾಯು ಕಣ್ಣನ್ನು ಸರಿಯಾಗಿ ಹೊರಳಲು ಬಿಡುವುದಿಲ್ಲ. ಎರಡು ಕಣ್ಣು ಎರಡು ಕಡೆ ನೋಡುತ್ತವೆ, ಮೆದುಳಿಗೆ ಹೊಂದದ ಎರಡು ಚಿತ್ರ ಹೋಗುತ್ತವೆ. ಒಂದನ್ನು ಮುಚ್ಚಿದರೆ ಹಂಚು ಒಂದೇ ಆಗುತ್ತದೆ. ಮೆದುಳಿನ ಕತೆ ಶುರುವಾಗಬೇಕಾದದ್ದು ಆ ಒಲೆಯ ಮುಂದೆ. ನೀವೋ ‘ಮೆದುಳು ಸೃಷ್ಟಿಯ ಅದ್ಭುತ’ ಎಂದು ಮೂರು ಪುಟ ಕೊರೆದಿದ್ದೀರಿ.

ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಅತಿಯಾಗಿ ಹಾರ್ಮೋನ್ ಸುರಿಸುವ ಗ್ರೇವ್ಸ್ ಕಾಯಿಲೆಗೆ, ಇಂಗ್ಲಿಷಿನ ‘ಗ್ರೇವ್’ ಪದ ಹಿಡಿದು, ‘ಗೋರಿಗೆ ಕಳಿಸುವುದರಿಂದ ಆ ಹೆಸರು’ ಎಂದಿದ್ದೀರಿ. ಮೊದಲು ನಗು ಬಂತು, ಆಮೇಲೆ ಹೆದರಿಕೆ ಆಯಿತು. ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ಈ ಕಾಯಿಲೆಯನ್ನು ವಿವರಿಸಿದ, ಹೆಸರು ಅವನದು. ಹಾರ್ಮೋನ್ ಜಾಸ್ತಿಯಾದ್ದರಿಂದಲೇ ಕಣ್ಣು ಹೊರಬರುತ್ತದೆ ಎಂಬುದೂ ಸರಿಯಲ್ಲ. ದೇಹದ ಕಾವಲು ವ್ಯವಸ್ಥೆ ಥೈರಾಯ್ಡ್ ಮೇಲೆ ತಿರುಗಿಬಿದ್ದ ಹಾಗೆ ಕಣ್ಣಿನ ಹಿಂದಿನ ಭಾಗದ ಮೇಲೂ ಬೀಳುತ್ತದೆ. ಅದಕ್ಕೇ ಗುಳಿಗೆ ನುಂಗಿ ರಕ್ತದ ರಿಪೋರ್ಟ್ ನಾರ್ಮಲ್ ಬಂದರೂ ಕಣ್ಣು ಹಾಗೇ ಉಳಿಯಬಹುದು.

ಇನ್ನು ಆ ‘ಕುಗ್ಗುವ ಮೆದುಳು’. ಸಂಶೋಧಕರು, ಹೆಚ್ಚಾಗಿ ಚೀನಾದವರು, ಈ ಕಾಯಿಲೆಯವರನ್ನು ಎಂಆರ್‌ಐ ಯಂತ್ರದಲ್ಲಿ ಸುಮ್ನೆ ಮಲಗಿಸಿ ನೋಡಿದ್ದಾರೆ. ಆರೋಗ್ಯವಂತರಿಗೆ ಹೋಲಿಸಿದರೆ, ನೋಟವನ್ನು ನಿಭಾಯಿಸುವ ತಲೆಯ ಹಿಂಭಾಗದ ಜಾಗಗಳ ಚಟುವಟಿಕೆಯಲ್ಲಿ ವ್ಯತ್ಯಾಸ ಕಂಡಿದೆ. ಆದರೆ ಬಹುಪಾಲು ಸಣ್ಣ ಗುಂಪುಗಳು, ಒಂದೇ ಸಲ ತೆಗೆದ ಚಿತ್ರಗಳು. ಕಣ್ಣಿನಿಂದ ಹಾಗಾಯಿತೋ, ಹಾರ್ಮೋನ್ ಏರಿದ್ದರಿಂದಲೋ, ನಿದ್ದೆಗೆಟ್ಟು ಕಳವಳಪಟ್ಟಿದ್ದರಿಂದಲೋ, ಬಿಡಿಸಿ ಹೇಳುವುದು ಕಷ್ಟ. ‘ವ್ಯತ್ಯಾಸ’ವನ್ನು ನೀವು ‘ಹಾನಿ’ ಮಾಡಿಬಿಟ್ಟಿರಿ. ಇದನ್ನು ಓದಿದ ಶಹಾಬಾದಿನ ಯಾವಳೋ ಹೆಣ್ಣುಮಗಳು ಕಣ್ಣಿನ ಚಿಂತೆ ಸಾಲದೆಂದು ತಲೆಯ ಚಿಂತೆಯನ್ನೂ ಹಚ್ಚಿಕೊಳ್ಳುತ್ತಾಳೆ.

ಓದುಗರಿಗೆ ಬೇಕಾದ ಮಾತೇ ಬಿಟ್ಟುಹೋಗಿದೆ. ಬೀಡಿ, ಸಿಗರೇಟು ಈ ಕಾಯಿಲೆಯನ್ನು ಹೆಚ್ಚಿಸುತ್ತವೆ ಎಂದು ಬರೆಯಿರಿ. ನೋಟ ಮಸುಕಾದರೆ, ಬಣ್ಣ ಮಂಕಾಗಿ ಕಂಡರೆ ಕಣ್ಣಿನ ನರ ಒತ್ತಡಕ್ಕೆ ಸಿಕ್ಕಿರಬಹುದು. ಆವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು ಎಂಬುದನ್ನೂ.

ಈಗ ಚಿಗವ್ವನ ಮನೆಗೆ ಹೋಗಿ. ಸೂಪರ್ ಮಾರ್ಕೆಟ್ ರಸ್ತೆ ದಾಟುವಾಗ ಬರುವ ಎರಡು ಆಟೋದಲ್ಲಿ ಯಾವುದು ನಿಜ ಎಂದು ಹೇಗೆ ಗುರುತಿಸುತ್ತಾಳೆ ಕೇಳಿ. ಶರಣಬಸವೇಶ್ವರರ ಜಾತ್ರೆಯಲ್ಲಿ ತೇರು ಎರಡಾಗಿ ಕಂಡಿತೇ? ಮದುವೆಮನೆಯಲ್ಲಿ ಜನ ದಿಟ್ಟಿಸಿದರೆ ಏನು ಮಾಡುತ್ತಾಳೆ? ಎಂಟುನೂರು ಪದ ಸಾಕು. ಮೊದಲು ಆಕೆಗೆ ಓದಿ ಹೇಳಿ, ಆಕೆ ಬೇಡ ಎಂದ ಸಾಲು ತೆಗೆದು, ಆಮೇಲೆ ನನಗೆ ಕಳಿಸಿ.