ರ‍್ಯಾಮ್ ಜಾಸ್ತಿ ಮಾಡಿದ ಮೇಲೆ ಕಂಪ್ಯೂಟರ್ ಇನ್ನೂ ಸ್ಲೋ ಆಯಿತು, ಯಾಕೆ?

8 ಜಿಬಿ ಇದ್ದ ಡೆಸ್ಕ್‌ಟಾಪ್‌ಗೆ ನೀವೇ ಇನ್ನೊಂದು 8 ಜಿಬಿ ರ‍್ಯಾಮ್ ಸ್ಟಿಕ್ ಹಾಕಿದ್ದೀರಿ. ವಿಂಡೋಸ್ 10 ಸರಿಯಾಗಿ 16 ಜಿಬಿ ಅಂತ ತೋರಿಸುತ್ತಿದೆ. ಆದರೂ ಮೊದಲಿಗಿಂತ ಸ್ಲೋ, ಹೊಸ ಸ್ಟಿಕ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಎಷ್ಟು ಸ್ಲೋ ಅಂತ ಚೆನ್ನಾಗಿ ವಿವರಿಸಿದ್ದೀರಿ. ಆದರೆ ಯಾವಾಗ ಸ್ಲೋ ಅಂತ ಬರೆದಿಲ್ಲ. ನನಗೆ ಬೇಕಾಗಿದ್ದು ಅದೇ. ಆನ್ ಆಗೋದಕ್ಕೆ ಮಾತ್ರ ಹೊತ್ತು ಹಿಡಿಯುತ್ತದಾ? ಮೊದಲ ನಿಮಿಷದಿಂದಲೇ ತೆವಳುತ್ತದಾ? ಅಥವಾ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಮಲಗುತ್ತದಾ?

ಹೀಗೆ ಕೇಳುವುದಕ್ಕೆ ಕಾರಣ ಇದೆ. ನಾನೂ ಒಮ್ಮೆ ಇದೇ ತಲೆನೋವು ಅನುಭವಿಸಿದ್ದೇನೆ. ಹೊಸ ಸ್ಟಿಕ್ ಹಾಕಿದೆ, ಆನ್ ಆಯಿತು, ಖುಷಿಪಟ್ಟೆ. ಸ್ವಲ್ಪ ಹೊತ್ತಿಗೆ ಮೌಸ್ ಕೂಡ ತಡೆದು ತಡೆದು ಓಡತೊಡಗಿತು. ರೀಸ್ಟಾರ್ಟ್ ಮಾಡಿದರೆ ಮತ್ತೆ ಸ್ವಲ್ಪ ಹೊತ್ತು ಸರಿ. ಸ್ಟಿಕ್‌ನದೇ ತಪ್ಪು ಅಂದುಕೊಂಡು ಸ್ಲಾಟ್ ಬದಲಿಸಿದೆ, ಬಯೋಸ್ (ಆನ್ ಆಗುವಾಗ ಮೊದಲು ಓಡುವ, ಬೋರ್ಡ್‌ನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದೆ, ರಾತ್ರಿಯಿಡೀ ಮೆಮೊರಿ ಟೆಸ್ಟ್ ಓಡಿಸಿದೆ. ಒಂದೇ ಒಂದು ತಪ್ಪೂ ಸಿಗಲಿಲ್ಲ. ಮೂರನೆಯ ದಿನ ಕ್ಯಾಬಿನೆಟ್ ಒಳಗೆ ಕೈ ಹಾಕಿದಾಗ ಪ್ರೊಸೆಸರ್ ಮೇಲಿನ ಕೂಲರ್ ಅಲ್ಲಾಡಿತು! ಅದನ್ನು ನಾಲ್ಕು ಮೂಲೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳು ಹಿಡಿದಿರುತ್ತವೆ. ಸ್ಟಿಕ್ ಕೂರಲಿ ಅಂತ ನಾನು ಹೆಬ್ಬೆರಳಲ್ಲಿ ಒತ್ತಿದಾಗ ಬೋರ್ಡ್ ಬಾಗಿ ಒಂದು ಪಿನ್ ಮೇಲೆದ್ದಿತ್ತು. ಕೂಲರ್ ಒಂದು ಕಡೆ ಎದ್ದ ಮೇಲೆ ಶಾಖ ಹೋಗುವುದೆಲ್ಲಿಗೆ? ಪ್ರೊಸೆಸರ್ ಬಿಸಿಯಾಗಿ, ಸುಟ್ಟುಹೋಗದಿರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಕೂಲರ್ ತೆಗೆದು, ಶಾಖ ದಾಟಿಸಲು ಮಧ್ಯೆ ಹಚ್ಚಿದ್ದ ಹಳೇ ಪೇಸ್ಟ್ ಒರೆಸಿ, ಹೊಸದು ಹಚ್ಚಿ, ಪಿನ್ ನಾಲ್ಕೂ ಗಟ್ಟಿಯಾಗಿ ಕೂರಿಸಿದೆ. ಸರಿಹೋಯಿತು. ಪಾಪ, ಆ ಸ್ಟಿಕ್‌ಗೆ ಎರಡು ದಿನ ಸುಮ್ನೆ ಬೈದಿದ್ದೆ.

ಅಂದಿನಿಂದ ಯಾರೇ ಈ ಪ್ರಶ್ನೆ ಕೇಳಲಿ, ನಾನು ಮೊದಲು ಅನುಮಾನ ಪಡುವುದು ರ‍್ಯಾಮ್ ಮೇಲಲ್ಲ. ಡಬ್ಬ ತೆರೆದು ಒಳಗೆ ಕೈಯಾಡಿಸಿದ್ದೇವಲ್ಲ, ಅದರ ಮೇಲೆ.

ಇದನ್ನು ನೋಡುವುದು ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ನೋಡಿ. ಅಲ್ಲಿ ಬೇಸ್ ಸ್ಪೀಡ್ ಅಂತ ಒಂದು ಅಂಕಿ, ಈಗಿನ ಸ್ಪೀಡ್ ಅಂತ ಇನ್ನೊಂದು ಇರುತ್ತದೆ. ಏನೂ ಕೆಲಸ ಇಲ್ಲದಾಗ ಸ್ಪೀಡ್ ಇಳಿಯುವುದು ಸಹಜ, ಅದಕ್ಕೆ ಹೆದರಬೇಡಿ. ಕಂಪ್ಯೂಟರ್ ಒದ್ದಾಡುತ್ತಿರುವಾಗಲೇ ನೋಡಬೇಕು. ಬೇಸ್ 3.2 ಗಿಗಾಹರ್ಟ್ಸ್ ಇದ್ದು, ಸಿಪಿಯು ಪೂರ್ತಿ ದುಡಿಯುತ್ತಿರುವಾಗಲೂ ಅದು 1ರ ಹತ್ತಿರವೇ ನಿಂತಿದ್ದರೆ, ಶಾಖದ್ದೇ ಕಾಟ ಇರಬಹುದು. ಎಚ್‌ಡಬ್ಲ್ಯೂಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ತಾಪಮಾನ ನೋಡಿ. 95-100 ಡಿಗ್ರಿ ಮುಟ್ಟುತ್ತಿದ್ದರೆ ಆಫ್ ಮಾಡಿ ಕ್ಯಾಬಿನೆಟ್ ತೆರೆಯಿರಿ. ಫ್ಯಾನ್ ತಿರುಗುತ್ತಿದೆಯಾ, ಅದರ ವೈರ್ ಕಳಚಿದೆಯಾ, ಬೇರೆ ಯಾವುದಾದರೂ ವೈರ್ ರೆಕ್ಕೆಗೆ ತಾಗುತ್ತಿದೆಯಾ, ಕೂಲರ್ ಅಲ್ಲಾಡುತ್ತದಾ, ಎಲ್ಲ ನೋಡಿ.

ಮೊದಲ ನಿಮಿಷದಿಂದಲೇ ಸ್ಲೋ ಅಂದರೆ ಟಾಸ್ಕ್ ಮ್ಯಾನೇಜರ್‌ನಲ್ಲೇ ಡಿಸ್ಕ್ ನೋಡಿ. ಅದು 100 ಪರ್ಸೆಂಟ್‌ಗೆ ಅಂಟಿಕೊಂಡು, ನಿಜವಾಗಿ ಓಡುತ್ತಿರುವ ಡೇಟಾ ಮಾತ್ರ ಚೂರೇ ಚೂರು ಇದ್ದರೆ, ಡಿಸ್ಕನ್ನು ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಸಡಿಲಾಗಿರಬಹುದು. ರ‍್ಯಾಮ್ ಹಾಕುವಾಗ ಅದಕ್ಕೆ ಕೈ ತಾಗುವುದು ತುಂಬಾ ಸಾಮಾನ್ಯ. ಕೇಬಲ್‌ನಲ್ಲಿ ಡೇಟಾ ಕೆಟ್ಟರೆ ಕಂಪ್ಯೂಟರ್ ನಿಮಗೆ ಏನೂ ಹೇಳುವುದಿಲ್ಲ, ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ. ನಿಮಗೆ ಕಾಣುವುದು ನಿಧಾನ ಮಾತ್ರ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಸಿಆರ್‌ಸಿ ಎರರ್ ಕೌಂಟ್ ಅನ್ನುವ ಸಾಲು (ಹೀಗೆ ಕೆಟ್ಟ ಡೇಟಾದ ಲೆಕ್ಕ) ನೋಡಿ, ಅದರ ಕ್ರಮಸಂಖ್ಯೆ ಸಿ7. ಅಲ್ಲಿ ಅಂಕಿ ಇದ್ದ ಮಾತ್ರಕ್ಕೆ ಗಾಬರಿ ಬೇಡ, ಹಳೇ ಲೆಕ್ಕ ಅಳಿಸಿ ಹೋಗುವುದಿಲ್ಲ. ಇವತ್ತು ಬರೆದಿಟ್ಟುಕೊಂಡು ನಾಳೆ ನೋಡಿ. ಏರಿದ್ದರೆ ಕೇಬಲ್ ಕಿತ್ತು ಮತ್ತೆ ಹಾಕಿ, ಇಲ್ಲವೇ ಹೊಸ ಕೇಬಲ್ ಹಾಕಿ.

ಡಿಸ್ಕ್ ವಿಷಯದಲ್ಲಿ ಇನ್ನೊಂದಿದೆ, ಹೆಚ್ಚಿನವರಿಗೆ ಇದು ಹೊಳೆಯುವುದೇ ಇಲ್ಲ. ರ‍್ಯಾಮ್ ಏರಿದರೆ ಸಿ ಡ್ರೈವ್‌ನಲ್ಲಿ ಜಾಗ ಕಡಿಮೆಯಾಗುತ್ತದೆ! ಹೈಬರ್ನೇಟ್‌ಗಾಗಿ (ತೆರೆದ ಕೆಲಸವನ್ನೆಲ್ಲ ಡಿಸ್ಕ್‌ಗೆ ಉಳಿಸಿ ಆಫ್ ಆಗುವುದು) ವಿಂಡೋಸ್ 10 ಸಾಮಾನ್ಯವಾಗಿ ರ‍್ಯಾಮ್‌ನ 40 ಪರ್ಸೆಂಟ್‌ನಷ್ಟು ಜಾಗ ಹಿಡಿದಿಡುತ್ತದೆ. 8 ಜಿಬಿಗೆ 3.2 ಇದ್ದದ್ದು 16ಕ್ಕೆ 6.4 ಜಿಬಿ ಆಗುತ್ತದೆ. ರ‍್ಯಾಮ್ ಸಾಲದಿದ್ದಾಗ ಡಿಸ್ಕ್‌ನಲ್ಲಿ ಬಳಸುವ ಪೇಜ್ ಫೈಲ್ ಕೂಡ ಬೆಳೆಯಬಹುದು. ನಿಮ್ಮದು 128 ಜಿಬಿಯ ಎಸ್‌ಎಸ್‌ಡಿ, ಮೊದಲೇ ತುಂಬಿತ್ತು ಅಂತ ಬರೆದಿದ್ದೀರಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಜಾಗ ಮುಗಿಯುತ್ತಾ ಬಂದ ಎಸ್‌ಎಸ್‌ಡಿ ಬರೆಯುವ ಕೆಲಸದಲ್ಲಿ ಏದುಸಿರು ಬಿಡುತ್ತದೆ. ಹೈಬರ್ನೇಟ್ ಬಳಸುವುದೇ ಇಲ್ಲ ಅಂದರೆ ಅದನ್ನು ಆಫ್ ಮಾಡಿ. ಜೊತೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಎಸ್‌ಎಸ್‌ಡಿ ಇದ್ದರೆ ಅದೇನು ದೊಡ್ಡ ನಷ್ಟ ಅಲ್ಲ. ಆದರೆ 16 ಜಿಬಿ ಇದೆ ಅಂತ ಪೇಜ್ ಫೈಲ್ ತೆಗೆದುಹಾಕಲು ಹೋಗಬೇಡಿ. ಅದನ್ನು ವಿಂಡೋಸ್ ಪಾಡಿಗೆ ಬಿಡಿ.

ಆನ್ ಆಗೋದು ಮಾತ್ರ ತಡವಾದರೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಹೊಸ ರ‍್ಯಾಮ್ ಕಂಡಾಗ ಬೋರ್ಡ್ ಅದನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಹೊಸ ಬಗೆಯ ಡಿಡಿಆರ್5 ರ‍್ಯಾಮ್ ಆದರೆ ಮೊದಲ ಸಲ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗಿಯೇ ಇರಬಹುದು.

ಈಗ ರ‍್ಯಾಮ್ ವಿಷಯ. ಸ್ಟಿಕ್‌ಗಳ ವೇಗದ ಬಗ್ಗೆ ಬೇರೆಯವರು ನಿಮಗೆ ಹೇಳಿದ್ದು ನಿಜ. ಎರಡು ಬೇರೆ ವೇಗದ ಸ್ಟಿಕ್ ಹಾಕಿದರೆ ಎರಡೂ ನಿಧಾನದ್ದರ ವೇಗದಲ್ಲೇ ಓಡುತ್ತವೆ, 3200ರ ಜೊತೆ 2666 ಹಾಕಿದರೆ 2666. ಸ್ಟಿಕ್ ಬದಲಾದಾಗ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಸ್ಟಿಕ್ಕನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಆಯ್ಕೆ) ಆಫ್ ಆಗಿ ಇನ್ನೂ ಕೆಳಗೆ ಇಳಿದಿರಲೂಬಹುದು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಸ್ಪೀಡ್ ಕಾಣುತ್ತದೆ. ಸರಿಮಾಡಿಕೊಳ್ಳಿ, ಒಳ್ಳೆಯದೇ. ಆದರೆ ಬ್ರೌಸರ್, ಎಕ್ಸೆಲ್ ಬಳಸುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ. ಸ್ಲಾಟ್ ವಿಷಯವೂ ಹಾಗೇ. ನಾಲ್ಕು ಸ್ಲಾಟ್ ಇರುವ ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ನಿಂದ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಬೇಕು, ಆಗ ಡ್ಯುಯಲ್ ಚಾನೆಲ್, ಅಂದರೆ ಡೇಟಾ ಓಡಲು ಎರಡು ದಾರಿ, ಸಿಗುತ್ತದೆ. ಡಿಡಿಆರ್4 3200 ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸಿದರೆ ಎರಡರಲ್ಲಿ 51.2. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಗೇಮ್ ಆಡುವವರಿಗೆ ಇದು ದೊಡ್ಡ ಲಾಭ. ಆದರೆ ನಿಮ್ಮದು ಮೊದಲು ಒಂದೇ ಸ್ಟಿಕ್ ಇತ್ತು, ಅಂದರೆ ಮೊದಲೂ ಒಂದೇ ಚಾನೆಲ್. ತಪ್ಪು ಸ್ಲಾಟ್‌ಗೆ ಹಾಕಿದ್ದರೂ ಇದ್ದಷ್ಟೇ ಇರುತ್ತದೆ, ಮೊದಲಿಗಿಂತ ಕೆಳಗೆ ಇಳಿಯುವುದಿಲ್ಲ ಅಲ್ವಾ?

ರ‍್ಯಾಮ್ ಜಾಸ್ತಿಯಾಗಿಯೇ ಕಂಪ್ಯೂಟರ್ ಸ್ಲೋ ಆದ ಉದಾಹರಣೆ ಇಲ್ಲವೇ ಇಲ್ಲ ಅಂತಲ್ಲ. 1997ರ ಇಂಟೆಲ್ 430ಟಿಎಕ್ಸ್ ಚಿಪ್‌ಸೆಟ್ ಮೊದಲ 64 ಎಂಬಿಯನ್ನು ಮಾತ್ರ ಕ್ಯಾಶ್ ಮಾಡುತ್ತಿತ್ತು, ಅಂದರೆ ಬೇಗ ಸಿಗುವ ಪುಟ್ಟ ಮೆಮೊರಿಯಲ್ಲಿ ಅದರ ನಕಲು ಇಡುತ್ತಿತ್ತು. ಅದಕ್ಕಿಂತ ಜಾಸ್ತಿ ಹಾಕಿದರೆ ಮೇಲಿನ ಭಾಗಕ್ಕೆ ಕ್ಯಾಶ್ ಇಲ್ಲ, ದುಡ್ಡು ಕೊಟ್ಟು ನಿಧಾನ ಕೊಂಡಂತೆ. ಆಮೇಲೂ ಕೆಲವು ಹಳೇ ಬೋರ್ಡ್‌ಗಳ ಬಯೋಸ್ 4 ಜಿಬಿ ದಾಟಿದ ಮೆಮೊರಿಯನ್ನು ತಪ್ಪಾಗಿ ಕ್ಯಾಶ್‌ನಿಂದ ಹೊರಗಿಟ್ಟು ಇಡೀ ಕಂಪ್ಯೂಟರನ್ನು ತೆವಳಿಸುತ್ತಿತ್ತು. ನಿಮ್ಮ ಬೋರ್ಡ್ ತುಂಬಾ ಹಳೆಯದಾದರೆ ಬಯೋಸ್ ಅಪ್‌ಡೇಟ್ ಹುಡುಕುವುದಕ್ಕೆ ಅರ್ಥವಿದೆ, ಇಲ್ಲದಿದ್ದರೆ ಅದಕ್ಕೆ ಕೈ ಹಾಕಬೇಡಿ.

ಇನ್ನು 16 ಜಿಬಿ ಕಾಣುತ್ತಿದೆ ಅಂದಿರಿ. ಅದರ ಪಕ್ಕದಲ್ಲೇ ಬಳಸಲು ಸಿಗುವುದು ಎಷ್ಟು ಅಂತಲೂ ಇರುತ್ತದೆ, ಅದನ್ನೂ ಓದಿ. 7.9 ಅಂತ ಇದ್ದರೆ ಹೊಸ ಸ್ಟಿಕ್ ಲೆಕ್ಕಕ್ಕಿದೆ, ಆಟಕ್ಕಿಲ್ಲ. ಸ್ಟಿಕ್ ಪೂರ್ತಿ ಕೂತಿರಲಿಕ್ಕಿಲ್ಲ. ಅಥವಾ ವಿಂಡೋಸ್‌ನ ಸೆಟ್ಟಿಂಗ್ ಸಾಧನವಾದ ಎಂಎಸ್‌ಕಾನ್ಫಿಗ್‌ನ ಬೂಟ್ ಆಯ್ಕೆಗಳಲ್ಲಿ ಮ್ಯಾಕ್ಸಿಮಮ್ ಮೆಮೊರಿಗೆ ಯಾರೋ ಟಿಕ್ ಹಾಕಿರಬಹುದು. ಸ್ಪೀಡ್ ಹೆಚ್ಚಿಸುವ ಗುಟ್ಟು ಅಂತ ಇದನ್ನು ವಿಡಿಯೋಗಳಲ್ಲಿ ಹೇಳಿಕೊಡುತ್ತಾರೆ, ಅದು ಸುಳ್ಳು. ಟಿಕ್ ತೆಗೆಯಿರಿ.

ಕೊನೆಗೆ ಅನುಮಾನ ಉಳಿದರೆ ಪವರ್ ಕೇಬಲ್ ಕಿತ್ತು, ಹಳೇ ಸ್ಟಿಕ್ ಒಂದನ್ನೇ ಇಟ್ಟು ಅರ್ಧ ಗಂಟೆ ಓಡಿಸಿ. ಆಮೇಲೆ ಹೊಸದೊಂದನ್ನೇ. ಹಳೆಯದೊಂದರಲ್ಲೂ ಸ್ಲೋ ಇದ್ದರೆ ಹೊಸ ಸ್ಟಿಕ್ ನಿರಪರಾಧಿ, ಮೇಲೆ ಹೇಳಿದ ಕೂಲರ್, ಕೇಬಲ್, ಜಾಗ ನೋಡಿ. ಹೊಸದು ಹಾಕಿದಾಗ ಮಾತ್ರ ತೊಂದರೆ ಬಂದರೆ ಮೆಮ್‌ಟೆಸ್ಟ್86 ಅನ್ನುವ ಮೆಮೊರಿ ಪರೀಕ್ಷಿಸುವ ಸಾಫ್ಟ್‌ವೇರನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿ ಓಡಲು ಬಿಡಿ. ಒಂದೇ ಒಂದು ತಪ್ಪು ಬಂದರೂ ಸ್ಟಿಕ್ ವಾಪಸ್ ಕೊಡಿ. ಆದರೆ ಕೆಟ್ಟ ರ‍್ಯಾಮ್ ಸಾಮಾನ್ಯವಾಗಿ ಸ್ಲೋ ಮಾಡುವುದಿಲ್ಲ, ನೀಲಿ ಸ್ಕ್ರೀನ್ ತೋರಿಸಿ ಬೀಳಿಸುತ್ತದೆ. ನೀವು ನೀಲಿ ಸ್ಕ್ರೀನ್ ಬಗ್ಗೆ ಏನೂ ಬರೆದಿಲ್ಲ.

ಒದ್ದಾಡುತ್ತಿರುವಾಗ ಸಿಪಿಯು ಸ್ಪೀಡ್ ಎಷ್ಟು, ಡಿಸ್ಕ್ ಎಷ್ಟು ಪರ್ಸೆಂಟ್, ಸಿ ಡ್ರೈವ್‌ನಲ್ಲಿ ಎಷ್ಟು ಜಾಗ ಉಳಿದಿದೆ, ಈ ಮೂರನ್ನು ಇಲ್ಲೇ ಕೆಳಗೆ ಬರೆಯಿರಿ. ಬೋರ್ಡ್ ಮಾಡೆಲ್ ಕೂಡ ಹಾಕಿ, ನೋಡಿ ಹೇಳುತ್ತೇನೆ.