ಓದುಗರ ಪ್ರಶ್ನೆ: ಅಲ್ಪವಿರಾಮ ಕನ್ನಡಕ್ಕೆ ಬೇಕೇ?

ಪ್ರಶ್ನೆ: ಹಳಗನ್ನಡದ ಕವಿಗಳಾಗಲಿ ಶಾಸನ ಬರೆಸಿದವರಾಗಲಿ ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆಗಳನ್ನು ಬಳಸಿದವರಲ್ಲ. ಅವು ಇಂಗ್ಲಿಷಿನ ಮುದ್ರಣದೊಡನೆ ಬಂದವು. ಹೀಗಿರುವಾಗ ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳಲ್ಲಿ ಕನ್ನಡ ಬರೆಯುವವರು ಅವನ್ನು ಬಿಟ್ಟರೆ ತಪ್ಪೆನ್ನುವುದು ಸರಿಯೇ?

ಉತ್ತರ: ತಾವು ಹೇಳಿದ ಇತಿಹಾಸ ಸರಿ. ಹಳೆಯ ಶಾಸನಗಳಲ್ಲಿ, ತಾಳೆಗರಿಗಳಲ್ಲಿ ಸಾಮಾನ್ಯವಾಗಿ ಪದಗಳ ನಡುವೆ ಜಾಗವನ್ನೂ ಬಿಡುತ್ತಿರಲಿಲ್ಲ. ಪದ್ಯ ಮುಗಿದಲ್ಲಿ ದಂಡವೊಂದನ್ನು ಎಳೆದರೆ ಹೆಚ್ಚು. ಇಂದಿನ ಲೇಖನ ಚಿಹ್ನೆಗಳು ಕನ್ನಡದಲ್ಲಿ ನೆಲೆಯೂರಿದ್ದು 19ನೇ ಶತಮಾನದಲ್ಲಿ, ಅಂದರೆ 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಟು ಕನ್ನಡಕ್ಕೆ ಪತ್ರಿಕೆಯೆಂಬುದು ಬಂದ ಕಾಲದಲ್ಲಿ. ಆದರೆ ಚಿಹ್ನೆಗಳಿಲ್ಲದ ಕಾಲದಲ್ಲಿ ಅವುಗಳ ಕೆಲಸವನ್ನು ಬೇರೆ ಯಾರು ಮಾಡುತ್ತಿದ್ದರು ಎಂಬುದನ್ನೂ ನೋಡಬೇಕು. ಕಾವ್ಯದಲ್ಲಿ ಛಂದಸ್ಸು ಮತ್ತು ಪ್ರಾಸ ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದವು. ವಚನದ ಕೊನೆಯನ್ನು ಅಂಕಿತವೇ ತಿಳಿಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಗಟ್ಟಿಯಾಗಿ ಓದಿ ಹೇಳುವವರೊಬ್ಬರು ತಮ್ಮ ದನಿಯ ಏರಿಳಿತದಿಂದಲೇ ಅರ್ಥವನ್ನು ಬಿಡಿಸಿಕೊಡುತ್ತಿದ್ದರು. ಮೊಬೈಲಿನಲ್ಲಿ ಬಂದ ಸಂದೇಶವನ್ನು ಒಬ್ಬರೇ ಮೌನವಾಗಿ ಓದುವವರಿಗೆ ಈ ಯಾವ ನೆರವೂ ಇಲ್ಲ.

ಕನ್ನಡದ ವಾಕ್ಯರಚನೆಯಲ್ಲಿಯೇ ಒಂದು ಅನುಕೂಲವಿದೆ ಎಂಬುದನ್ನು ಒಪ್ಪಬೇಕು. ನಮ್ಮಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ‘ಹೋಗಿ’ ಎಂದರೆ ಮಾತು ಇನ್ನೂ ಮುಂದುವರಿಯುತ್ತದೆಂದೂ ‘ಹೋದರು’ ಎಂದರೆ ಮುಗಿಯಿತೆಂದೂ ಓದುಗರಿಗೆ ತಾನಾಗಿಯೇ ತಿಳಿಯುತ್ತದೆ. ಹಾಗಾಗಿ ಅಚ್ಚುಕಟ್ಟಾದ ಗದ್ಯದಲ್ಲಿ ಪೂರ್ಣವಿರಾಮವೊಂದು ಬಿಟ್ಟುಹೋದರೂ ಅರ್ಥ ಕೆಡುವುದು ಅಪರೂಪ. ಆದರೆ ಸಂದೇಶ ಬರೆಯುವಾಗ ನಾವು ಮೊದಲು ಬಿಡುವುದೇ ಆ ಕ್ರಿಯಾಪದವನ್ನು. ‘ನಾಳೆ ಸಭೆ ಇಲ್ಲ ನಾಡಿದ್ದು’ ಎಂಬ ಸಂದೇಶ ಬಂದಿದೆಯೆಂದುಕೊಳ್ಳಿ. ‘ನಾಳೆ ಸಭೆ ಇಲ್ಲ, ನಾಡಿದ್ದು’ ಎಂದು ಓದಿದವರು ನಾಳೆ ಮನೆಯಲ್ಲಿಯೇ ಉಳಿಯುತ್ತಾರೆ. ‘ನಾಳೆ ಸಭೆ, ಇಲ್ಲ ನಾಡಿದ್ದು’ ಎಂದು ಓದಿದವರು ಎರಡೂ ದಿನ ಕಾಯುತ್ತಾರೆ. ಎದುರಿಗೆ ನಿಂತು ಹೇಳಿದ್ದರೆ ದನಿಯಿಂದಲೇ ತಿಳಿಯುತ್ತಿದ್ದ ವ್ಯತ್ಯಾಸ ಇಲ್ಲಿ ಆ ಒಂದು ಅಲ್ಪವಿರಾಮದ ಮೇಲೆ ನಿಂತಿದೆ.

ಪೂರ್ಣ ವಾಕ್ಯ ಬರೆಯುವವರಿಗೂ ತೊಡಕಿಲ್ಲವೆಂದಲ್ಲ. ‘ನಿನ್ನೆ ಬಂದ ಪತ್ರವನ್ನು ಓದಿದೆ’ ಎಂಬಲ್ಲಿ ‘ನಿನ್ನೆ’ ಎಂಬುದು ‘ಬಂದ’ ಎನ್ನುವುದಕ್ಕೆ ಅಂಟಿಕೊಳ್ಳುತ್ತದೆ. ಪತ್ರ ಎಂದೋ ಬಂದಿತ್ತು, ಓದಿದ್ದು ಮಾತ್ರ ನಿನ್ನೆ ಎನ್ನಬೇಕಾದರೆ ‘ನಿನ್ನೆ, ಬಂದ ಪತ್ರವನ್ನು ಓದಿದೆ’ ಎಂದು ಬರೆಯಬೇಕು; ‘ಬಂದ ಪತ್ರವನ್ನು ನಿನ್ನೆ ಓದಿದೆ’ ಎಂದರೆ ಇನ್ನೂ ಒಳ್ಳೆಯದು. ಪದಗಳ ಸ್ಥಾನ ಬದಲಿಸಿದರೆ ಅರ್ಥ ತಿಳಿಯಾಗುವ ಕಡೆಯಲ್ಲೆಲ್ಲ ನಾನು ಚಿಹ್ನೆಗಿಂತ ಆ ದಾರಿಯನ್ನೇ ಆರಿಸಿಕೊಳ್ಳುತ್ತೇನೆ. ‘ಹೊಸ ಶಿಕ್ಷಕರ ಕೊಠಡಿ’ ಎಂದರೆ ಹೊಸಬರು ಶಿಕ್ಷಕರೋ, ಹೊಸದು ಕೊಠಡಿಯೋ ತಿಳಿಯದು. ‘ಶಿಕ್ಷಕರ ಹೊಸ ಕೊಠಡಿ’ ಎಂದರೆ ಯಾವ ಚಿಹ್ನೆಯೂ ಬೇಕಾಗುವುದಿಲ್ಲ.

ಚಿಹ್ನೆಗಳನ್ನು ಬಿಡುವುದರಷ್ಟೇ ಅತಿಯಾಗಿ ಬಳಸುವುದೂ ತೊಂದರೆ ಕೊಡುತ್ತದೆ. ‘ಅವರು ಯಾವಾಗ ಬರುತ್ತಾರೆ ಎಂದು ಕೇಳಿದಳು’ ಎಂಬುದು ಪ್ರಶ್ನೆಯ ವರದಿಯೇ ಹೊರತು ಪ್ರಶ್ನೆಯಲ್ಲ, ಆದ್ದರಿಂದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಸಲ್ಲದು. ಪ್ರತಿ ವಾಕ್ಯದ ಕೊನೆಗೂ ಸಾಲು ಚುಕ್ಕಿಗಳನ್ನು ಇಡುವ ರೂಢಿ ಈಗ ಬಹಳ ಹಬ್ಬಿದೆ. ‘ನಿಮ್ಮ ಅರ್ಜಿ ನೋಡಿದೆ......’ ಎಂಬುದನ್ನು ಓದಿದವರು ಹೇಳದೆ ಉಳಿಸಿದ ಮಾತೇನಿರಬಹುದೆಂದು ಕಳವಳಪಡುತ್ತಾರೆ. ಬರೆದವರಿಗೆ ಹೇಳಲು ಅಷ್ಟೇ ಇದ್ದಿರಬಹುದು.

ಪ್ರಶ್ನೆ: ‘ಮಾಡ ಬೇಕು’, ‘ಬರ ಬಹುದು’ ಎಂದು ಬಿಡಿಸಿ ಬರೆಯುವವರು ಹೆಚ್ಚುತ್ತಿದ್ದಾರೆ. ಇದು ಅಷ್ಟು ದೊಡ್ಡ ತಪ್ಪೇ?

ಉತ್ತರ: ‘ಮಾಡ ಬೇಕು’ ಎಂದಾಗ ಅರ್ಥ ಕೆಡುವುದಿಲ್ಲ, ಓದು ಮಾತ್ರ ಎಡವುತ್ತದೆ, ಆದರೂ ‘ಮಾಡ’ ಎಂಬುದು ತಾನಾಗಿ ನಿಲ್ಲುವ ಪದವಲ್ಲವಾದ್ದರಿಂದ ‘ಮಾಡಬೇಕು’ ಎಂದೇ ಬರೆಯಬೇಕು. ನಿಜವಾಗಿ ಎಚ್ಚರ ವಹಿಸಬೇಕಾದದ್ದು ಎರಡು ಕ್ರಿಯಾಪದಗಳು ಕೂಡುವಲ್ಲಿ. ‘ಮಗುವನ್ನು ನೋಡಿಕೊಂಡರು’ ಎಂದರೆ ಆರೈಕೆ ಮಾಡಿದರು ಎಂದರ್ಥ. ‘ಬಟ್ಟೆಯನ್ನು ನೋಡಿ ಕೊಂಡರು’ ಎಂದರೆ ಪರೀಕ್ಷಿಸಿ ಖರೀದಿಸಿದರು ಎಂದರ್ಥ. ಮೊದಲನೆಯದರಲ್ಲಿ ಜಾಗ ಬಿಟ್ಟರೆ ಮಗುವನ್ನೇ ಖರೀದಿಸಿದಂತಾಗುತ್ತದೆ. ‘ಓಡಿ ಹೋದ’ ಎಂದರೆ ಓಡುತ್ತಾ ಹೋದ. ‘ಓಡಿಹೋದ’ ಎಂದರೆ ತಪ್ಪಿಸಿಕೊಂಡು ಪರಾರಿಯಾದ. ಎರಡನೆಯ ಕ್ರಿಯಾಪದ ತನ್ನ ಸ್ವಂತ ಅರ್ಥವನ್ನು ಉಳಿಸಿಕೊಂಡಿದ್ದರೆ ಬಿಡಿಸಿ, ಕಳೆದುಕೊಂಡು ಮೊದಲನೆಯದಕ್ಕೆ ಸಹಾಯಕವಾಗಿದ್ದರೆ ಕೂಡಿಸಿ ಬರೆಯುವುದು ನಾನು ಪಾಲಿಸುವ ಕ್ರಮ.

ಪ್ರಶ್ನೆ: ‘ಶುಭಾಷಯ’, ‘ಕೋಟ್ಯಾಧಿಪತಿ’, ‘ಚಿನ್ಹೆ’ ಎಂದೆಲ್ಲ ಬರೆಯುವ ಗೆಳೆಯರನ್ನು ಎಲ್ಲರೆದುರು ತಿದ್ದಬಹುದೇ?

ಉತ್ತರ: ಬೇಡ. ಸರಿಯಾದ ರೂಪಗಳು ಶುಭಾಶಯ, ಕೋಟ್ಯಧಿಪತಿ, ಚಿಹ್ನೆ. ಅವನ್ನು ಅವರಿಗಷ್ಟೇ ಪ್ರತ್ಯೇಕವಾಗಿ ಬರೆದು ತಿಳಿಸಿ, ಸಾಧ್ಯವಾದರೆ ಕಾರಣವನ್ನೂ ಹೇಳಿ. ಕೋಟಿ ಮತ್ತು ಅಧಿಪತಿ ಕೂಡಿದಾಗ ‘ಅ’ ದೀರ್ಘವಾಗುವುದಕ್ಕೆ ಅಲ್ಲಿ ಕಾರಣವೇ ಇಲ್ಲವೆಂದು ಒಮ್ಮೆ ತಿಳಿದವರು ‘ಜಾತ್ಯತೀತ’ ಎಂಬುದನ್ನೂ ತಾವಾಗಿಯೇ ಸರಿಯಾಗಿ ಬರೆಯುತ್ತಾರೆ. ಎಲ್ಲರೆದುರು ಅವಮಾನಕ್ಕೊಳಗಾದವರು ಕನ್ನಡದಲ್ಲಿ ಬರೆಯುವುದನ್ನೇ ನಿಲ್ಲಿಸಿಬಿಟ್ಟರೆ ಆ ನಷ್ಟ ಕಾಗುಣಿತದ ತಪ್ಪಿಗಿಂತ ದೊಡ್ಡದು.

ಪ್ರಶ್ನೆ: ‘ಸಾಫ್ಟ್‌ವೇರ್’ ಎಂದು ಬರೆಯಹೊರಟರೆ ನನ್ನ ಮೊಬೈಲಿನಲ್ಲಿ ‘ಸಾಫ್ಟ್ವೇರ್’ ಎಂದಾಗುತ್ತದೆ. ನಡುವೆ ಜಾಗ ಬಿಡಬಹುದೇ?

ಉತ್ತರ: ಇದು ತಮ್ಮ ತಪ್ಪಲ್ಲ. ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಅದನ್ನು ಒತ್ತಕ್ಷರವಾಗಿ ತೋರಿಸುವುದು ಯೂನಿಕೋಡಿನ ನಿಯಮ. ಅದನ್ನು ತಡೆಯಲು ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಇಡಬೇಕು. ‘ಜೀರೋ ವಿಡ್ತ್ ನಾನ್ ಜಾಯ್ನರ್’ ಎಂಬುದು ಅದರ ಹೆಸರು. ಹಲವು ಕನ್ನಡ ಕೀಲಿಮಣೆಗಳಲ್ಲಿ ಅದಕ್ಕೆ ಪ್ರತ್ಯೇಕ ಕೀಲಿಯಿರುತ್ತದೆ. ಜಾಗ ಬಿಟ್ಟರೆ ಪದ ಎರಡಾಗಿ, ಸಾಲಿನ ಅಂಚಿನಲ್ಲಿ ಅರ್ಧ ಮೇಲೆ ಅರ್ಧ ಕೆಳಗೆ ಬೀಳುತ್ತದೆ, ಹುಡುಕುವಾಗಲೂ ಸಿಗದೆ ಹೋಗಬಹುದು. ಕೀಲಿ ಸಿಗದಿದ್ದರೆ ಸರಿಯಾಗಿ ಬರೆದಿರುವ ಪದವನ್ನು ಎಲ್ಲಿಂದಾದರೂ ನಕಲು ಮಾಡಿ ಅಂಟಿಸಿಕೊಳ್ಳಿ; ಕಾಣದ ಆ ಅಕ್ಷರವೂ ಅದರೊಂದಿಗೇ ಬರುತ್ತದೆ.