ಯಾವ ಕೋರ್ಸ್, ಯಾತಕ್ಕೆ? ಶಿಕ್ಷಕರ ಪ್ರಶ್ನೆಗಳಿಗೆ ಉತ್ತರ

ತರಬೇತಿ, ಸರ್ಟಿಫಿಕೇಟ್, ಡಿಪ್ಲೊಮಾ ಬಗ್ಗೆ ಈ ಸಲ ಬಹಳ ಪ್ರಶ್ನೆಗಳು ಬಂದಿವೆ. ಉತ್ತರಕ್ಕೆ ಹೋಗುವ ಮುಂಚೆ ಒಂದು ಮಾತು. ನಾವು ಕೋರ್ಸ್ ಅಂತ ಕರೆಯುವುದು ಮೂರು ಬೇರೆ ಬೇರೆ ಕೆಲಸಕ್ಕೆ ಬರುತ್ತದೆ. ಕೆಲವು, ನೌಕರಿಗೆ ಕಾನೂನು ಕೇಳುವ ಅರ್ಹತೆ ಕೊಡುತ್ತವೆ. ಕೆಲವು, ವರ್ಷಕ್ಕೆ ಇಷ್ಟು ಗಂಟೆ ತರಬೇತಿ ಆಯಿತು ಅಂತ ಲೆಕ್ಕ ತೋರಿಸಲು ಮಾತ್ರ. ಇನ್ನು ಕೆಲವು, ನಾಳೆ ಬೆಳಗ್ಗೆ ತರಗತಿಯಲ್ಲಿ ಏನಾದರೂ ಬೇರೆ ಥರ ಮಾಡಲು ನಿಜವಾಗಿ ಕಲಿಸುತ್ತವೆ. ಮೂರೂ ಒಂದೇ ಕಡೆ ಸಿಗುವುದು ಅಪರೂಪ. ಗಂಟೆ ಲೆಕ್ಕದ ಕಾಗದವನ್ನೇ ಅರ್ಹತೆ ಅಂದುಕೊಂಡು ದುಡ್ಡು ಕಟ್ಟಿದವರ ಪತ್ರಗಳು ನನಗೆ ಬರುತ್ತಲೇ ಇರುತ್ತವೆ.

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಕಿರಿಯ ಪ್ರಾಥಮಿಕ ಶಾಲೆ. 1ರಿಂದ 5ನೇ ತರಗತಿ, ಇಬ್ಬರೇ ಶಿಕ್ಷಕರು. ದೀಕ್ಷಾ ಅನ್ನುವ ಸರ್ಕಾರಿ ಆನ್‌ಲೈನ್ ತಾಣದಲ್ಲಿ ಆ ಕೋರ್ಸ್ ಮುಗಿಸಿ, ಈ ಕೋರ್ಸ್ ಮುಗಿಸಿ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬರುತ್ತಲೇ ಇರುತ್ತದೆ. ನಿಜ ಹೇಳಬೇಕೆಂದರೆ ವಿಡಿಯೊ ಓಡಲು ಬಿಟ್ಟು ಅಡುಗೆ ಮಾಡುತ್ತೇನೆ. ಸರ್ಟಿಫಿಕೇಟ್ ಬರುತ್ತದೆ, ಆದರೆ ಕಲಿತದ್ದು ಏನೂ ಇಲ್ಲ. ಇದರಿಂದ ಉಪಯೋಗ ಇದೆಯಾ ಸರ್?

ಮೇಡಂ, ನಿಮ್ಮ ಹಾಗೆ ಮಾಡುವವರು ರಾಜ್ಯದ ಎಲ್ಲಾ ತಾಲ್ಲೂಕಿನಲ್ಲೂ ಇದ್ದಾರೆ. ನೀವು ಹೇಳಿದಿರಿ, ಉಳಿದವರು ಹೇಳುವುದಿಲ್ಲ, ಅಷ್ಟೇ.

ಶಿಕ್ಷಕರಿಗಾಗಿ ಕೇಂದ್ರ ಸರ್ಕಾರದ ನಿಷ್ಠಾ ತರಬೇತಿ 2019ರ ಆಗಸ್ಟ್‌ನಲ್ಲಿ ಶುರುವಾದಾಗ ಅದು ಮುಖಾಮುಖಿ ತರಬೇತಿಯಾಗಿತ್ತು. ದೇಶದ ಸುಮಾರು 42 ಲಕ್ಷ ಶಿಕ್ಷಕರನ್ನು ಮುಟ್ಟಬೇಕು ಅಂತ ಗುರಿ. ಕೊರೊನಾ ಬಂತು, 2020ರ ಅಕ್ಟೋಬರ್‌ನಿಂದ ಅದೇ ತರಬೇತಿ ದೀಕ್ಷಾದಲ್ಲಿ 18 ಮಾಡ್ಯೂಲ್ ಆಗಿ ಆನ್‌ಲೈನ್ ಆಯಿತು. ಆಮೇಲೆ ಪ್ರೌಢಶಾಲೆಗೆ ಒಂದು, ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನಕ್ಕೆ ಒಂದು, ಹೀಗೆ ಬೆಳೆಯಿತು. ಲಕ್ಷಗಟ್ಟಲೆ ಜನಕ್ಕೆ ಒಂದೇ ಸಲ ಕಲಿಸಲು ಹೊರಟರೆ ಯಾರು ಎಷ್ಟು ಮುಗಿಸಿದರು ಅನ್ನುವುದನ್ನು ಮಾತ್ರ ಎಣಿಸಲು ಆಗುತ್ತದೆ. ಯಾರು ಏನು ಬದಲಾಯಿಸಿಕೊಂಡರು ಅಂತ ಎಣಿಸಲು ಆಗುವುದಿಲ್ಲ. ಹಾಗಾಗಿ ಇಲಾಖೆ ಎಣಿಸುವುದನ್ನೇ ನೀವೂ ಕೊಡುತ್ತಿದ್ದೀರಿ. ಇದರಲ್ಲಿ ನಿಮ್ಮದು ಮಾತ್ರ ತಪ್ಪು ಅಂತ ನಾನು ಹೇಳಲಾರೆ.

ಆದರೆ ಅದೇ ರಾಶಿಯಲ್ಲಿ ನಿಮಗೆ ಬೇಕಾದದ್ದೂ ಇದೆ. ಬುನಾದಿ ಹಂತದ ನಿಷ್ಠಾದಲ್ಲಿ 12 ಕೋರ್ಸ್‌ಗಳಿವೆ. ಎಲ್ಲವನ್ನೂ ಮನಸ್ಸಿಟ್ಟು ನೋಡಿ ಅಂತ ಹೇಳುವುದಿಲ್ಲ, ಇಬ್ಬರೇ ಇರುವ ಶಾಲೆಯಲ್ಲಿ ಅದು ಆಗದ ಮಾತು. ಮೊದಲು ನಿಮ್ಮ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಓದಿಸಿ ನೋಡಿ. ಯಾರು ಅಕ್ಷರದಲ್ಲಿ ನಿಂತಿದ್ದಾರೆ, ಯಾರು ಪದದಲ್ಲಿ, ಯಾರು ಪುಟ್ಟ ಪ್ಯಾರಾ ಓದುತ್ತಾರೆ, ಯಾರು ಒಂದು ಕಥೆ ಓದಿ ಅರ್ಥ ಹೇಳುತ್ತಾರೆ. ನಾಲ್ಕು ಕಾಲಂ ಹಾಕಿ ಹೆಸರು ಬರೆದುಕೊಳ್ಳಿ. 4ನೇ ತರಗತಿಯ ಅರ್ಧ ಮಕ್ಕಳು ಪದದ ಕಾಲಂನಲ್ಲೇ ಸಿಕ್ಕಿದರು ಅಂದುಕೊಳ್ಳಿ, ಆಗ ಓದು ಕಲಿಸುವ ಬಗ್ಗೆ ಇರುವ ಒಂದೇ ಒಂದು ಕೋರ್ಸ್ ತೆಗೆದು, ಪಕ್ಕದಲ್ಲಿ ಆ ಪಟ್ಟಿ ಇಟ್ಟುಕೊಂಡು ನೋಡಿ. ಅದೇ ವಿಡಿಯೊ ಬೇರೆ ಥರ ಕೇಳಿಸುತ್ತದೆ. ಉಳಿದವನ್ನು, ಹೂಂ, ಅಡುಗೆ ಮಾಡುತ್ತಾ ಮುಗಿಸಿ. ಕೊನೆಯ ಮೌಲ್ಯಮಾಪನದಲ್ಲಿ 70 ಶೇಕಡಾ ಬಂದರೆ ಸರ್ಟಿಫಿಕೇಟ್ ಬರುತ್ತದೆ, ಲೆಕ್ಕ ಸರಿಹೋಗುತ್ತದೆ.

ಇನ್ನೊಂದು, ಕಾರ್ಡು ಮತ್ತು ಗುಂಪುಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ ಹೇಗೆ ಬಂತು ಅಂತ ಈಗಿನ ಎಷ್ಟೋ ಶಿಕ್ಷಕರಿಗೆ ಗೊತ್ತಿಲ್ಲ. ಅದನ್ನು ಯಾವುದೋ ತರಬೇತಿ ಸಭಾಂಗಣದಲ್ಲಿ ಪಿಪಿಟಿ ತೋರಿಸಿ ಕಲಿಸಲಿಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋದರು. ಅಲ್ಲಿ ಬಹುವರ್ಗ ಶಾಲೆ, ಅಂದರೆ ಹಲವು ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುವ ಶಾಲೆ, ಹೇಗೆ ನಡೆಯುತ್ತದೆ ಅಂತ ಕಣ್ಣಾರೆ ನೋಡಿದರು. ವಾಪಸ್ ಬಂದು ತಮ್ಮ ಮಕ್ಕಳಿಗೆ ಹೊಂದುವಂತೆ ಕಾರ್ಡುಗಳನ್ನು ತಾವೇ ಮಾಡಿದರು. ಮಕ್ಕಳನ್ನು ಐದು ಗುಂಪು ಮಾಡಿ, ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ಬೆಂಬಲ, ಇನ್ನೊಂದಕ್ಕೆ ಸ್ವಲ್ಪ, ಮತ್ತೊಂದಕ್ಕೆ ಸಹಪಾಠಿಗಳ ಪೂರ್ತಿ ಬೆಂಬಲ, ನಾಲ್ಕನೆಯದಕ್ಕೆ ಸಹಪಾಠಿಗಳ ಸ್ವಲ್ಪ ಬೆಂಬಲ, ಕೊನೆಯದಕ್ಕೆ ಸ್ವಕಲಿಕೆ ಅಂತ ಹಂಚಿದರು. ನಿಮ್ಮ ಸಮಸ್ಯೆಗೆ, ಅಂದರೆ ಐದು ತರಗತಿಗೆ ಇಬ್ಬರು ಅನ್ನುವುದಕ್ಕೆ, ಇವತ್ತಿಗೂ ಅದಕ್ಕಿಂತ ಒಳ್ಳೆ ಉತ್ತರ ನಾನು ನೋಡಿಲ್ಲ. ಆಮೇಲೆ ಅದು ರಾಜ್ಯಕ್ಕೆಲ್ಲ ಹರಡಿದಾಗ ಕಾರ್ಡುಗಳು ಅಚ್ಚಾಗಿ ಮೇಲಿಂದ ಬಂದವು. ಅದನ್ನು ಹುಟ್ಟಿಸಿದ ಆ ನೋಡಿ ಮಾಡುವ ಕೆಲಸ ಮಾತ್ರ ಎಷ್ಟೋ ಕಡೆ ಬರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಾಗಾಗಿ ನಿಮ್ಮ ಸಿಆರ್‌ಪಿಯವರನ್ನು, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು, ಒಂದು ಕೇಳಿ. ಕ್ಲಸ್ಟರಿನ ಸಮಾಲೋಚನಾ ಸಭೆ ಹೇಗೂ ನಡೆಯುತ್ತದೆ, ಅಂಕಿ ಅಂಶ ಕೊಡುವುದರಲ್ಲೇ ಸಮಯ ಮುಗಿಯುತ್ತದೆ, ಅಲ್ವಾ. ಅದರಲ್ಲಿ ಒಂದು ಗಂಟೆಯನ್ನು, ಸಭೆ ನಡೆಯುವ ಶಾಲೆಯ ಮಕ್ಕಳನ್ನೇ ಕೂರಿಸಿಕೊಂಡು ಯಾರಾದರೂ ಒಬ್ಬರು ಪಾಠ ಮಾಡಲು, ಉಳಿದವರು ಹಿಂದೆ ಕೂತು ನೋಡಲು ಇಡಿ ಅಂತ ಹೇಳಿ. ಮೊದಲ ಸಲ ಯಾರೂ ಒಪ್ಪುವುದಿಲ್ಲ. ನೀವೇ ಮಾಡಿ ತೋರಿಸಬೇಕಾಗಬಹುದು.

ಪ್ರಶ್ನೆ: ಬೆಂಗಳೂರಿನ ಸಿಬಿಎಸ್‌ಇ ಶಾಲೆ. ವರ್ಷಕ್ಕೆ 50 ಗಂಟೆ ತರಬೇತಿ ಕಡ್ಡಾಯ, ನಿಮ್ಮ ದುಡ್ಡಿನಲ್ಲೇ ಮಾಡಿಕೊಳ್ಳಿ ಅನ್ನುತ್ತಾರೆ. ಸರಿಯಾ?

50 ಗಂಟೆ ಅನ್ನುವುದು ನಿಜ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ, ಸಿಬಿಎಸ್‌ಇ ಕೂಡ ಅದನ್ನೇ ಕೇಳುತ್ತದೆ. ಆದರೆ ಅದರಲ್ಲಿ 25 ಗಂಟೆ ಮಂಡಳಿಯ ಅಥವಾ ಸರ್ಕಾರಿ ಸಂಸ್ಥೆಯ ತರಬೇತಿ. ಉಳಿದ 25 ಗಂಟೆಯನ್ನು ಶಾಲೆಯೊಳಗೇ ಅಥವಾ ಸಹೋದಯ, ಅಂದರೆ ಹತ್ತಿರದ ಸಿಬಿಎಸ್‌ಇ ಶಾಲೆಗಳು ಸೇರಿ ಮಾಡಿಕೊಂಡ ಗುಂಪಿನಲ್ಲಿ ಮಾಡಬಹುದು. ಅಂದರೆ ಅರ್ಧಕ್ಕೆ ಯಾರೂ ಹೊರಗೆ ದುಡ್ಡು ಕಟ್ಟುವ ಅಗತ್ಯವೇ ಇಲ್ಲ. ದೀಕ್ಷಾದ ಕೋರ್ಸ್‌ಗಳು ಪುಕ್ಕಟೆ. ಯಾವುದೋ ಕಂಪನಿಯ ದುಬಾರಿ ವರ್ಕ್‌ಶಾಪೇ ಆಗಬೇಕು ಅಂತ ಶಾಲೆ ಹಟ ಹಿಡಿದರೆ, ಮಂಡಳಿಯ ಯಾವ ಸುತ್ತೋಲೆಯಲ್ಲಿ ಹಾಗಿದೆ ಅಂತ ಮೆತ್ತಗೆ ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ.

ಪ್ರಶ್ನೆ: ನಾನು ಬಿಕಾಂ. ಮೈಸೂರಿನ ಒಂದು ಖಾಸಗಿ ಶಾಲೆಯಲ್ಲಿ ಆಟಿಸಂ ಇರುವ ಮಗುವಿಗೆ ತರಗತಿಯಲ್ಲಿ ಪಕ್ಕದಲ್ಲಿದ್ದು ನೆರವಾಗುವ ಶ್ಯಾಡೋ ಟೀಚರ್ ಆಗಿದ್ದೇನೆ. ಆರು ವಾರದ ಆನ್‌ಲೈನ್ ‘ಸ್ಪೆಷಲ್ ಎಜುಕೇಶನ್ ಡಿಪ್ಲೊಮಾ’ಗೆ 18 ಸಾವಿರ ಕೇಳುತ್ತಿದ್ದಾರೆ. ಮುಗಿಸಿದರೆ ಸ್ಪೆಷಲ್ ಎಜುಕೇಟರ್ ಆಗಬಹುದು ಅಂತಾರೆ. ಸೇರಲಾ?

ಬೇಡ. ಆ ಕೊನೆಯ ವಾಕ್ಯ ಹೇಳಿದ್ದಾರೆ ಅನ್ನುವ ಕಾರಣಕ್ಕೇ ಬೇಡ.

ನಮ್ಮ ದೇಶದಲ್ಲಿ ವಿಶೇಷ ಶಿಕ್ಷಕರಾಗಲು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಅದರ ಕೇಂದ್ರ ನೋಂದಣಿಯಲ್ಲಿ ಹೆಸರು ಬರಬೇಕು. ಇದು 1992ರ ಕಾಯ್ದೆ. ಡಿ.ಎಡ್ ವಿಶೇಷ ಶಿಕ್ಷಣ ಎರಡು ವರ್ಷ, ಬಿ.ಎಡ್ ವಿಶೇಷ ಶಿಕ್ಷಣವೂ ಎರಡು ವರ್ಷ. ಆರು ವಾರದಲ್ಲಿ ಯಾರೂ ಅದನ್ನು ಕೊಡಲು ಸಾಧ್ಯವಿಲ್ಲ. ‘ಐಎಸ್‌ಒ ಸರ್ಟಿಫೈಡ್’, ‘ಅಂತಾರಾಷ್ಟ್ರೀಯ ಮಾನ್ಯತೆ’ ಅಂತೆಲ್ಲ ಬರೆದಿರುತ್ತಾರೆ, ಅದಕ್ಕೂ ನೋಂದಣಿಗೂ ಸಂಬಂಧವಿಲ್ಲ. ಆರ್‌ಸಿಐ ವೆಬ್‌ಸೈಟಿನಲ್ಲಿ ಮಾನ್ಯ ಸಂಸ್ಥೆಗಳ ಪಟ್ಟಿ ಇದೆ, ಅದರಲ್ಲಿ ಹೆಸರಿಲ್ಲದಿದ್ದರೆ ಮಾತು ಮುಗಿಯಿತು. ನರ್ಸರಿ ಟೀಚರ್ ಟ್ರೈನಿಂಗ್ ಅಂತ ಗಲ್ಲಿಗಲ್ಲಿಯಲ್ಲಿ ನಡೆಯುವ ಕೋರ್ಸ್‌ಗಳಿಗೂ ಹೆಚ್ಚುಕಡಿಮೆ ಇದೇ ಮಾತು. ಖಾಸಗಿ ಶಾಲೆ ನೋಡಿ ಕೆಲಸ ಕೊಡಬಹುದು. ಸರ್ಕಾರಿ ನೇಮಕಾತಿಗೆ ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ಮಾನ್ಯತೆ ಇದೆಯಾ ಅನ್ನುವುದೇ ಪ್ರಶ್ನೆ.

ಎರಡು ವರ್ಷ ಕೊಡಲು ಆದರೆ ದಯವಿಟ್ಟು ಕೊಡಿ. ನೀವು ಮೈಸೂರಿನಲ್ಲೇ ಇದ್ದೀರಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮ್ಮ ಊರಲ್ಲೇ ಇದೆ. ಮೊದಲು ಅಲ್ಲಿ ಹೋಗಿ ಯಾವ್ಯಾವ ಕೋರ್ಸ್ ಇದೆ, ಬಿಕಾಂ ಆದವರಿಗೆ ಏನು ಸಿಗುತ್ತದೆ ಅಂತ ವಿಚಾರಿಸಿ. ಈ ಕ್ಷೇತ್ರದಲ್ಲಿ ಕೆಲಸ ಇಲ್ಲ ಅನ್ನುವ ಹಾಗಿಲ್ಲ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ವಿಶೇಷ ಅಗತ್ಯದ ಮಕ್ಕಳಿಗೆ ಪ್ರಾಥಮಿಕದಲ್ಲಿ 10 ಮಕ್ಕಳಿಗೊಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರಿರಬೇಕು ಅಂತ ಹೇಳಿದೆ. ನಮ್ಮ ಶಾಲೆಗಳು ಅದರಿಂದ ಎಷ್ಟು ದೂರ ಇವೆ ಅಂತ ನಿಮಗೇ ಗೊತ್ತು.

ಎರಡು ವರ್ಷ ಆಗದಿದ್ದರೆ, ಈಗಿನ ಕೆಲಸವನ್ನೇ ಚೆನ್ನಾಗಿ ಕಲಿಯಿರಿ. ಇಂಗ್ಲೆಂಡಿನಲ್ಲಿ 2003ರಿಂದ 2008ರವರೆಗೆ ನಿಮ್ಮ ಹಾಗೆ ತರಗತಿಯಲ್ಲಿ ನೆರವಾಗುವ ಸಹಾಯಕ ಸಿಬ್ಬಂದಿಯ ಬಗ್ಗೆ ಲಂಡನ್ನಿನ ಶಿಕ್ಷಣ ಸಂಸ್ಥೆಯೊಂದು ದೊಡ್ಡ ಅಧ್ಯಯನ ಮಾಡಿತ್ತು. ಬಂದ ಫಲಿತಾಂಶ ನೋಡಿ ಎಲ್ಲರಿಗೂ ಗಾಬರಿ. ಸಹಾಯಕರ ಜೊತೆ ಜಾಸ್ತಿ ಸಮಯ ಕಳೆದ ಮಕ್ಕಳು, ಅವರಂತೆಯೇ ಇದ್ದ ಬೇರೆ ಮಕ್ಕಳಿಗಿಂತ ಕಡಿಮೆ ಪ್ರಗತಿ ಕಂಡಿದ್ದರು. ಸಹಾಯಕರು ಕೆಟ್ಟವರು ಅಂತಲ್ಲ. ಅವರು ಪಕ್ಕದಲ್ಲಿದ್ದ ಕಾರಣಕ್ಕೆ ತರಗತಿಯ ಶಿಕ್ಷಕರು ಆ ಮಗುವಿನ ಕಡೆ ತಿರುಗುವುದನ್ನೇ ಬಿಟ್ಟರು. ಇಂದಿನ ಪಾಠ ಏನು ಅಂತ ಸಹಾಯಕರಿಗೆ ಮೊದಲೇ ಯಾರೂ ಹೇಳುತ್ತಿರಲಿಲ್ಲ. ಹಾಗಾಗಿ ಮಗುವಿನ ಪುಸ್ತಕದಲ್ಲಿ ಕೆಲಸ ಮುಗಿಸುವುದೇ ಗುರಿಯಾಗಿಬಿಟ್ಟಿತು.

ನಿಮ್ಮ ಶಾಲೆಯಲ್ಲೂ ಹೀಗೇ ಇರಬಹುದು. ನೋಡಿ. ದಿನ ಬೆಳಗ್ಗೆ ಐದು ನಿಮಿಷ ಕ್ಲಾಸ್ ಟೀಚರ್ ಹತ್ತಿರ ಇವತ್ತು ಏನು ಪಾಠ, ಈ ಮಗು ಅದರಲ್ಲಿ ಏನು ಕಲಿತರೆ ಸಾಕು ಅಂತ ಕೇಳಿಕೊಳ್ಳಿ. ಮಗುವಿಗೆ ಅಂಟಿಕೊಂಡು ಕೂರಬೇಡಿ. ಮೊದಲು ಕಾಯಿರಿ, ಆಮೇಲೆ ಸನ್ನೆ, ಆಮೇಲೆ ಒಂದು ಮಾತು, ಕೈ ಹಿಡಿದು ಮಾಡಿಸುವುದು ಕೊನೆಗೆ. ಮಗು ಕಿರುಚಿದಾಗ ಅಥವಾ ಎದ್ದು ಓಡಿದಾಗ ಮೂರು ಸಾಲು ಬರೆದಿಡಿ: ಅದಕ್ಕೆ ಮುಂಚೆ ಏನಾಗಿತ್ತು, ಮಗು ಏನು ಮಾಡಿತು, ಆಮೇಲೆ ನಾವೆಲ್ಲ ಏನು ಮಾಡಿದೆವು. ಎರಡು ವಾರ ಬರೆದರೆ, ಫ್ಯಾನ್ ಸದ್ದೋ, ಬೆಲ್ಲೋ, ಬರವಣಿಗೆಯ ಪೀರಿಯಡ್ಡೋ, ಏನೋ ಒಂದು ಮತ್ತೆ ಮತ್ತೆ ಕಾಣಿಸತೊಡಗುತ್ತದೆ. ಮಗುವಿನ ಥೆರಪಿಸ್ಟ್‌ಗೆ ಆ ಪುಸ್ತಕ ತೋರಿಸಿ ಮಾತಾಡಿದರೆ ಅದೇ ನಿಮಗೆ ಕೋರ್ಸ್, 18 ಸಾವಿರವೂ ಉಳಿಯುತ್ತದೆ.

ಪ್ರಶ್ನೆ: ಹಾಸನ ಜಿಲ್ಲೆ, ಸರ್ಕಾರಿ ಪ್ರಾಥಮಿಕ ಶಾಲೆ, 2003ರ ನೇಮಕ. ನನಗೀಗ 49. ಈಗ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯಲೇಬೇಕಾ? ಅದಕ್ಕೆ ಕೋಚಿಂಗ್ ಸೇರಲಾ?

20 ವರ್ಷ ಪಾಠ ಮಾಡಿದವರಿಗೆ ಈಗ ಪರೀಕ್ಷೆಯಾ ಅನ್ನುವ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪು ಸ್ಪಷ್ಟವಾಗಿದೆ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವವರು ಎರಡು ವರ್ಷದೊಳಗೆ ಟಿಇಟಿ ಪಾಸ್ ಮಾಡಬೇಕು. ಐದು ವರ್ಷಕ್ಕಿಂತ ಕಡಿಮೆ ಇರುವವರು ಹಾಗೇ ಮುಂದುವರಿಯಬಹುದು, ಬಡ್ತಿ ಬೇಕಿದ್ದರೆ ಅವರೂ ಪಾಸ್ ಆಗಿರಬೇಕು. ನಿಮಗೆ 60ಕ್ಕೆ ನಿವೃತ್ತಿ ಅಂದರೆ ಇನ್ನೂ 11 ವರ್ಷ ಇದೆ. ಸಂಘದವರು ಏನಾದರೂ ಮಾಡುತ್ತಾರೆ, ಸರ್ಕಾರ ಏನಾದರೂ ಮಾಡುತ್ತದೆ ಅಂತ ಕಾಯುವವರು ಕಾಯಲಿ. ನೀವು ಇಲಾಖೆಯ ಸುತ್ತೋಲೆ ಕಡೆ ಒಂದು ಕಣ್ಣಿಟ್ಟು ಓದಲು ಶುರು ಮಾಡಿ.

ಕೋಚಿಂಗ್ ಬೇಡ ಅನ್ನಿಸುತ್ತದೆ. 150 ಪ್ರಶ್ನೆ, 150 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗಕ್ಕೆ 60 ಶೇಕಡಾ, ಅಂದರೆ 90 ಬಂದರೆ ಪಾಸ್. 1ರಿಂದ 5ಕ್ಕೆ ಪಾಠ ಮಾಡುವವರಿಗೆ ಪತ್ರಿಕೆ 1. ಅದರಲ್ಲಿ ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ಮಕ್ಕಳ ವಿಕಾಸ ಮತ್ತು ಬೋಧನೆ, ತಲಾ 30 ಅಂಕ. ನಾಲ್ಕು ವಿಷಯ ನೀವು ದಿನಾ ಕಲಿಸುವುದೇ. ಕೈ ಕೊಡುವುದು ಮಕ್ಕಳ ವಿಕಾಸ. ಪಿಯಾಜೆ, ವೈಗೋಟ್ಸ್ಕಿ ಥರದ ಮನೋವಿಜ್ಞಾನಿಗಳನ್ನೆಲ್ಲ ಟಿಸಿಎಚ್ (ಹಳೆಯ ಶಿಕ್ಷಕ ತರಬೇತಿ ಕೋರ್ಸ್) ಕಾಲದಲ್ಲಿ ಓದಿ ಮರೆತಿರುತ್ತೀರಿ. ಅದಕ್ಕೆ ಜಾಸ್ತಿ ಸಮಯ ಕೊಡಿ, ಹಳೆ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ಒಮ್ಮೆ ಪಾಸಾದರೆ ಸಾಕು, ಸರ್ಟಿಫಿಕೇಟ್ ಈಗ ಜೀವನಪರ್ಯಂತ ಊರ್ಜಿತ.

ಪ್ರಶ್ನೆ: ದಾವಣಗೆರೆಯಲ್ಲಿ ಆರು ವರ್ಷ ಹೈಸ್ಕೂಲ್ ಗಣಿತ ಕಲಿಸಿದ್ದೇನೆ, ಬಿಎಸ್ಸಿ ಬಿ.ಎಡ್. ಗಂಡನ ಕೆಲಸಕ್ಕಾಗಿ ಇಂಗ್ಲೆಂಡಿನ ರೆಡಿಂಗ್‌ಗೆ ಬಂದಿದ್ದೇವೆ, ನನಗೆ ಡಿಪೆಂಡೆಂಟ್ ವೀಸಾ. ಟೀಚಿಂಗ್ ಅಸಿಸ್ಟೆಂಟ್ ಆಗಲು ಲೆವೆಲ್ 3 ಕೋರ್ಸ್ ಮಾಡಿ ಅನ್ನುತ್ತಾರೆ. ಮಾಡಲಾ?

ಬಿ.ಎಡ್ ಆಗಿ ಆರು ವರ್ಷ ಪಾಠ ಮಾಡಿದವರು ದುಡ್ಡು ಕೊಟ್ಟು ಸಹಾಯಕರ ಕೋರ್ಸ್ ಮಾಡುವುದು ನನಗೆ ಇಷ್ಟವಾಗಲಿಲ್ಲ. ಅಲ್ಲಿ ಅಸಿಸ್ಟೆಂಟ್ ಆಗಲು ಕಾನೂನಿನಲ್ಲಿ ಇಂಥದ್ದೇ ಸರ್ಟಿಫಿಕೇಟ್ ಬೇಕು ಅಂತಿಲ್ಲ, ಆಯಾ ಶಾಲೆ ತೀರ್ಮಾನ ಮಾಡುತ್ತದೆ. ನಿಮ್ಮ ಪದವಿಗೆ, ವಿದೇಶಿ ಪದವಿಗಳನ್ನು ಅಲ್ಲಿನ ಪದವಿಗಳ ಜೊತೆ ಹೋಲಿಸುವ ಯುಕೆ ಎನಿಕ್‌ನಿಂದ ಹೋಲಿಕೆ ಪತ್ರ ತೆಗೆದುಕೊಳ್ಳಿ. ಪಾಸ್‌ಪೋರ್ಟ್ ಸೇವೆಯ ಮೂಲಕ ಭಾರತದ ಪೊಲೀಸ್ ಕ್ಲಿಯರೆನ್ಸ್ ತರಿಸಿಡಿ. ಡಿಬಿಎಸ್, ಅಂದರೆ ಅಪರಾಧ ಹಿನ್ನೆಲೆಯ ತಪಾಸಣೆ ಆಗಲೇಬೇಕು, ಅದನ್ನು ಶಾಲೆಯೇ ಶುರು ಮಾಡುತ್ತದೆ. ಹತ್ತಿರದ ಶಾಲೆಯಲ್ಲಿ ವಾರಕ್ಕೊಂದೆರಡು ದಿನ ವಾಲಂಟಿಯರ್ ಆಗಿ ಹೋದರೆ ಅಲ್ಲಿನ ತರಗತಿ ಹೇಗೆ ನಡೆಯುತ್ತದೆ ಅಂತ ಗೊತ್ತಾಗುತ್ತದೆ. ಲೆವೆಲ್ 3 ಬೇಕು ಅಂತ ಕೆಲಸದ ಜಾಹೀರಾತಿನಲ್ಲೇ ಪದೇ ಪದೇ ಕಂಡರೆ ಆಗ ಯೋಚಿಸಿ.

ಅದಕ್ಕಿಂತ ಮುಖ್ಯ: 2023ರ ಫೆಬ್ರುವರಿಯಿಂದ ಭಾರತದ ಶಿಕ್ಷಕರೂ ಇಂಗ್ಲೆಂಡಿನ ಕ್ಯುಟಿಎಸ್‌ಗೆ, ಅಂದರೆ ಅರ್ಹ ಶಿಕ್ಷಕರ ಸ್ಥಾನಕ್ಕೆ, ನೇರವಾಗಿ ಅರ್ಜಿ ಹಾಕಬಹುದು. ನಮ್ಮವರಿಗೆ 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹತೆ ಇರಬೇಕು ಅಂತ ಷರತ್ತಿದೆ. ನಿಮ್ಮದು ಗಣಿತ, ಹೈಸ್ಕೂಲು. ಅರ್ಜಿಗೆ ಶುಲ್ಕವೂ ಇಲ್ಲ. ಸರ್ಕಾರದ ಪುಟದಲ್ಲಿ ಇವತ್ತಿನ ಷರತ್ತು ಓದಿ, ದಾವಣಗೆರೆಯ ಶಾಲೆಯಿಂದ ಅನುಭವ ಪತ್ರವನ್ನು ಇಂಗ್ಲಿಷಿನಲ್ಲಿ ಈಗಲೇ ಕೇಳಿಡಿ. ಹೆಡ್ ಮಾಸ್ಟರ್ ಬದಲಾದ ಮೇಲೆ ಅದು ಸಿಗುವುದು ಕಷ್ಟ.

ಪ್ರಶ್ನೆ: ರಾಯಚೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ, ಮಾತಾಡಲು ಮಾತ್ರ ಹೆದರಿಕೆ. ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಸೇರಲಾ?

ಮೊದಲು ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ 30 ದಿನದ ಕೋರ್ಸಿಗೆ ಪ್ರಯತ್ನಿಸಿ. 1963ರಿಂದ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆ ಕಲಿಸುತ್ತಿರುವ ಜಾಗ ಅದು. ಇಲಾಖೆಯೇ ನಿಯೋಜನೆ ಮೇಲೆ ಕಳಿಸುತ್ತದೆ. ಪಟ್ಟಿ ಬಂದಾಗ ಯಾರೂ ಹೋಗಲು ಒಪ್ಪದೆ, ಕೊನೆಗೆ ಸಿಕ್ಕವರ ಹೆಸರು ಬರೆಯುವುದೂ ಉಂಟು. ನೀವಾಗಿಯೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟು ನನ್ನನ್ನು ಕಳಿಸಿ ಅಂದರೆ ಅವರಿಗೂ ಖುಷಿ. 10ನೇ ತರಗತಿಯ ಪಾಠ ಹಿಂದೆ ಬೀಳುತ್ತದೆ ಅಂತ ಹೆಡ್ ಮಾಸ್ಟರ್ ಗೊಣಗುತ್ತಾರೆ, ಹಾಗಾಗಿ ಜೂನ್, ಜುಲೈ ಬ್ಯಾಚನ್ನೇ ಕೇಳಿ.